ಎಲ್ ಯು ನಿಮಿಷ

ಇನ್ನೊಬ್ಬರು ಬರೆದ ಪ್ರೋಗ್ರಾಂ ಓದುವಾಗ ಅವಳ ಮುಖ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿ ಹೊರಗೆ ಸಾಗಿಸುವವರ ಮುಖದಂತೆ ಆಗುತ್ತಿತ್ತು. ಅದಕ್ಕೇ ಕಾರ್ಖಾನೆಯಲ್ಲಿ ಅವಳಿಗೆ ‘ಇಕ್ಕಳ’ ಎಂದು ಹೆಸರು ಬಿದ್ದಿತ್ತು. ಹೆಸರಿಟ್ಟವರು ಯಾರೆಂಬುದು ಅವಳಿಗೆ ಗೊತ್ತಿತ್ತು, ಸಿಟ್ಟಿರಲಿಲ್ಲ. ಕೊಳಕನ್ನು ಬರಿಗೈಯಲ್ಲಿ ಮುಟ್ಟಿ ಪ್ಯಾಂಟಿಗೆ ಒರೆಸಿಕೊಳ್ಳುವವರ ನಡುವೆ ಇಕ್ಕಳ ಎನಿಸಿಕೊಳ್ಳುವುದು ಅವಮಾನವಲ್ಲ ಎಂದು ಅವಳ ಎಣಿಕೆ.

ವಯಸ್ಸು ಐವತ್ತು ದಾಟಿತ್ತು. ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಎಲ್ಲರೂ ಒಂದೇ ತಪ್ಪನ್ನು ಒಂದೇ ಥರ ನಕಲು ಮಾಡಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಒಂದು ಮಧ್ಯಾಹ್ನ ಮೇಜಿನ ಮೇಲೇ ಬಿಟ್ಟು ಎದ್ದು ಬಂದವಳು. ಆಗ ಈ ಕಾರ್ಖಾನೆ ತೂಕದ ಯಂತ್ರ ಮಾಡುತ್ತಿತ್ತು. ಸಿ ಭಾಷೆಯನ್ನು ಅವಳು ಇಲ್ಲಿಯೇ, ಯಂತ್ರದ ಜೊತೆ ಬಂದ ಕೈಪಿಡಿ ಓದಿ ಕಲಿತಳು. ಆ ಭಾಷೆ ಅವಳಿಗೆ ಹಿಡಿಸಿತು. ಅದು ಯಾರನ್ನೂ ಮುದ್ದು ಮಾಡುವುದಿಲ್ಲ. ತಪ್ಪು ಮಾಡಿದರೆ ಒಮ್ಮೆ ಹೇಳುತ್ತದೆ, ಕೇಳದಿದ್ದರೆ ನಿಮ್ಮ ಹಣೆಬರಹ ಎಂದು ಸುಮ್ಮನಾಗುತ್ತದೆ.

ಮನೆಯಲ್ಲಿ ಮೂವರು. ಗಂಡನಿಗೆ ಕನ್ನಡಕದ ಅಂಗಡಿ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಸಾಕಾಗಿ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಆ ಕೊರತೆಯನ್ನು ಅವನ ತಂಗಿ ತುಂಬಿಕೊಡುತ್ತಿದ್ದಳು. ನಾದಿನಿ ಆಸ್ಪತ್ರೆಯಲ್ಲಿ ನರ್ಸು. ಮಕ್ಕಳ ಲಸಿಕೆ ಇಡುವ ಕೋಣೆ ಅವಳ ಸುಪರ್ದಿಯಲ್ಲಿತ್ತು, ಅದರ ಬೀಗದ ಕೈ ಅವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಈ ಇಬ್ಬರು ಹೆಂಗಸರು ಇಷ್ಟು ವರ್ಷ ಬಾಳಿದ್ದೇ ಒಂದು ಸೋಜಿಗ. ಒಬ್ಬಳಿಗೆ ಲೋಟದ ಅಂಚಿನಲ್ಲಿ ಒಂದು ಕಲೆ ಕಂಡರೂ ಹೊಟ್ಟೆ ತೊಳೆಸುತ್ತಿತ್ತು. ಇನ್ನೊಬ್ಬಳು ಮನುಷ್ಯನ ಮೈಯಿಂದ ಹೊರಬರುವುದನ್ನೆಲ್ಲ ನೋಡಿ ಮುಗಿಸಿದವಳು. “ಬೆಳಗ್ಗೆ ಕೀವು ಒರೆಸಿದ ಕೈ ಇದು ಅತ್ತಿಗೆ, ಹಿಟ್ಟು ಚೆನ್ನಾಗಿ ನಾದತ್ತೆ,” ಎಂದು ಬೇಕೆಂದೇ ಹೇಳುವಳು. ಇಕ್ಕಳ ಎದ್ದು ಹೋಗಿ ಹಿಟ್ಟನ್ನು ತಾನೇ ಮತ್ತೆ ಕಲಸುವಳು. ನಾದಿನಿಗೂ ಬೇಕಾದದ್ದು ಅದೇ, ಕೆಲಸ ತಪ್ಪಿತಲ್ಲ.

ಕಾರ್ಖಾನೆ ಈಗ ಆಸ್ಪತ್ರೆಯ ಫ್ರಿಜ್ಜಿಗೆ ಅಂಟಿಸುವ ಒಂದು ಸಣ್ಣ ಯಂತ್ರ ಮಾಡುತ್ತಿತ್ತು. ಲಸಿಕೆ ತಣ್ಣಗಿರಬೇಕು. ಕರೆಂಟು ಹೋಗಿಯೋ ಬಾಗಿಲು ಸರಿಯಾಗಿ ಹಾಕದೆಯೋ ಫ್ರಿಜ್ಜು ಬೆಚ್ಚಗಾದರೆ ಯಂತ್ರ ಆ ಹೊತ್ತನ್ನು ಎಣಿಸಿಕೊಳ್ಳುತ್ತದೆ. ಗುಂಡಿ ಒತ್ತಿದರೆ ನಾಲಿಗೆ ಚಾಚಿದ ಹಾಗೆ ಒಂದು ಚೀಟಿ ಬರುತ್ತದೆ: ಬೆಚ್ಚಗಿದ್ದ ಹೊತ್ತು ಇಷ್ಟು ನಿಮಿಷ. ಎರಡು ಗಂಟೆ ಮೀರಿದರೆ ಅಷ್ಟೂ ಲಸಿಕೆಯನ್ನು ಎಸೆಯಬೇಕೆಂಬುದು ಆ ಆಸ್ಪತ್ರೆಯ ಕಟ್ಟಳೆ. ಫ್ರಿಜ್ಜಿನ ಮುಳ್ಳು ಈಗ ಎಷ್ಟು ತಂಪಿದೆ ಎಂದಷ್ಟೇ ತೋರಿಸುತ್ತದೆ, ರಾತ್ರಿ ಏನಾಯಿತೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಆ ಚೀಟಿ.

ಹೊಸ ಯಂತ್ರವನ್ನು ಮೊದಲು ಇಟ್ಟು ನೋಡುವುದು ನಾದಿನಿಯ ಕೋಣೆಯಲ್ಲೇ ಎಂದು ಗೊತ್ತಾಗಿತ್ತು. ಅವಳು ಒಪ್ಪಿದ್ದು ಒಂದೇ ಮಾತಿನ ಮೇಲೆ. “ಅತ್ತಿಗೆ ಸಹಿ ಹಾಕಿದ್ರೆ ಒಳಗೆ ಬಿಡ್ತೀನಿ, ಇಲ್ದಿದ್ರೆ ಬಾಗಿಲಾಚೆ.” ಮನೆಯಲ್ಲಿ ಕಾಲೆಳೆಯುವವಳು ಹೊರಗೆ ಹೀಗೆ ಹೇಳಿದ್ದು ಇಕ್ಕಳದ ಕಿವಿಗೆ ಬಿದ್ದಿತ್ತು. ಸಂತೋಷವಾಯಿತೆಂದು ಅವಳು ಒಪ್ಪಿಕೊಳ್ಳುತ್ತಿರಲಿಲ್ಲ, ಆದರೆ ಆ ಸಹಿಯ ತೂಕ ಮಾತ್ರ ಅವಳಿಗೆ ಚೆನ್ನಾಗಿ ತಿಳಿದಿತ್ತು.

ಈಗ ಹೇಸಿಗೆಯ ಕಥೆಗೆ ಬರೋಣ.

ಸಿ ಭಾಷೆಯಲ್ಲಿ ಒಂದು ಸಂಖ್ಯೆಯನ್ನು ಕಾಗದದ ಮೇಲೆ ಮೂಡಿಸಬೇಕಾದರೆ ಎರಡು ವಿಷಯ ಬೇರೆ ಬೇರೆಯಾಗಿ ಹೇಳಬೇಕು: ಯಾವ ಸಂಖ್ಯೆ, ಮತ್ತು ಅದು ಎಷ್ಟು ಅಗಲದ್ದು, ಅಂದರೆ ಎಷ್ಟು ಜಾಗ ಹಿಡಿಯುವಂಥದ್ದು. ಅಗಲ ಹೇಳುವುದಕ್ಕೆ ಒಂದೊಂದು ಗುರುತು ಇದೆ. ಸಂಖ್ಯೆಗೂ ಗುರುತಿಗೂ ಹೊಂದದಿದ್ದರೆ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಪ್ರೋಗ್ರಾಂ, ಪರದೆಯ ಮೇಲೆ ಒಂದು ಹಳದಿ ಗೆರೆ ಎಳೆದು ಎಚ್ಚರಿಸುತ್ತದೆ. ಎಚ್ಚರಿಸುತ್ತದೆಯೇ ಹೊರತು ತಡೆಯುವುದಿಲ್ಲ. ತೊಡಕು ಏನೆಂದರೆ, ಕೆಲವು ಬಗೆಯ ಸಂಖ್ಯೆಗಳಿಗೆ ಹೆಸರು ಒಂದೇ ಇದ್ದರೂ ಅಗಲ ಯಂತ್ರದೊಳಗಿನ ಎಲೆಕ್ಟ್ರಾನಿಕ್ ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ. ಹಳೆಯ ಬೋರ್ಡು ಹೊತ್ತನ್ನು ಸೆಕೆಂಡಿನಲ್ಲಿ ಎಣಿಸುತ್ತಿತ್ತು, ಕಿರಿದಾದ ಸಂಖ್ಯೆ ಸಾಕಾಗಿತ್ತು. ಹೊಸ ಬೋರ್ಡು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ ಎಣಿಸುತ್ತದೆ, ಅದಕ್ಕೆ ಎರಡರಷ್ಟು ಅಗಲ ಬೇಕು. ಹಳೆಯ ಯಂತ್ರಗಳು ಇನ್ನೂ ಎಷ್ಟೋ ಕಡೆ ಇರುವುದರಿಂದ ಎರಡಕ್ಕೂ ಒಂದೇ ಪ್ರೋಗ್ರಾಂ ಸಲ್ಲಬೇಕು. ಕಿರಿದಾದ ಗುರುತು ಹಾಕಿದರೆ ಹೊಸ ಬೋರ್ಡು ಹಳದಿ, ಅಗಲದ್ದು ಹಾಕಿದರೆ ಹಳೆಯದು ಹಳದಿ.

ಹೊಸ ಬೋರ್ಡಿಗೆ ಮೊದಲ ಸಲ ಕಂಪೈಲ್ ಮಾಡಿದ ದಿನ ಪರದೆ ಕಾಮಾಲೆ ಬಂದ ಕಣ್ಣಿನಂತಾಯಿತು. ನೂರಾರು ಗೆರೆ. ಇಕ್ಕಳಕ್ಕೆ ಅದೇನೂ ಹೇಸಿಗೆಯೆನಿಸಲಿಲ್ಲ. ಕೊಳೆಯನ್ನು ತೋರಿಸುವ ಬೆಳಕು ಕೊಳೆಯಲ್ಲ. ಹೇಸಿಗೆ ಶುರುವಾದದ್ದು ಅವರು ಪ್ರೋಗ್ರಾಂ ಬರೆಯುವ ಕೋಣೆಯ ಪದ್ಧತಿಯಿಂದ. ಅಲ್ಲಿ ಗೋಡೆಗೆ ಒಂದು ಬಿಳಿ ಹಲಗೆ ತೂಗುಹಾಕಿ, ಉಳಿದ ಹಳದಿಗಳೆಷ್ಟು ಎಂದು ಸಂಜೆಗೊಮ್ಮೆ ಬರೆಯುತ್ತಿದ್ದರು. ಸೊನ್ನೆ ಮುಟ್ಟಿದ ದಿನ ಕೇಕು. ಹೀಗಾಗಿ ಎಚ್ಚರಿಕೆ ಏನು ಹೇಳುತ್ತಿದೆ ಎಂದು ಕೇಳುವವರು ಯಾರೂ ಉಳಿದಿರಲಿಲ್ಲ, ಅದರ ಬಾಯಿ ಮುಚ್ಚಿಸುವುದು ಹೇಗೆಂದು ಎಲ್ಲರೂ ಬಲ್ಲರು. ಸಂಖ್ಯೆಯ ಹಿಂದೆ ಬ್ರಾಕೆಟ್ಟಿನಲ್ಲಿ ಒಂದು ಕಿರಿದಾದ ಬಗೆಯ ಹೆಸರು ಬರೆದರೆ ಆಯಿತು. ಎಷ್ಟೇ ಅಗಲದ ಸಂಖ್ಯೆ ಇರಲಿ, ಆ ಅಳತೆಗೆ ಕತ್ತರಿಸಿಕೊಂಡು ತೆಪ್ಪಗೆ ಕೂರುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ‘ಟೋಪಿ’. “ಆ ಸಾಲಿಗೆ ಟೋಪಿ ಹಾಕಿದೆಯೇನೋ?” ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ಹಲ್ಲು ಕಿರಿಯುತ್ತಿದ್ದರು.

ಈ ಪದ್ಧತಿಯ ಹಿರಿಯ ‘ಅಳಿಯಂದಿರು’. ಮಾಲೀಕರ ಮಗಳ ಗಂಡ, ಆ ಕೋಣೆಯ ಮ್ಯಾನೇಜರ್. ಇಂಜಿನಿಯರಿಂಗ್ ಓದಿದವನು, ದಡ್ಡನಲ್ಲ. ದಡ್ಡನಾಗಿದ್ದರೆ ಇಕ್ಕಳ ಅವನನ್ನು ಕ್ಷಮಿಸುತ್ತಿದ್ದಳು. ಬಲ್ಲವನ ಸೋಮಾರಿತನ ಅವಳಿಗೆ ಊಟದ ತಟ್ಟೆಯಲ್ಲಿ ಕಂಡ ಕೂದಲಿನ ಹಾಗೆ. ನೂರಾರು ಸಾಲನ್ನು ಕೈಯಲ್ಲಿ ಯಾರು ತಿದ್ದುತ್ತಾರೆ ಎಂದುಕೊಂಡು ಅವನು, ಹಳದಿ ಕಂಡಲ್ಲೆಲ್ಲ ತಾನಾಗಿ ಟೋಪಿ ತೊಡಿಸುತ್ತ ಹೋಗುವ ಒಂದು ಪುಟ್ಟ ಪ್ರೋಗ್ರಾಂ ಬರೆದ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಹಲಗೆಯ ಮೇಲೆ ಸೊನ್ನೆ. ಕೇಕು ಬಂತು. ಇಕ್ಕಳದ ಮೇಜಿಗೂ ಒಂದು ತುಂಡು ಬಂತು, ಕಾಗದದ ಮೇಲೆ ಎಣ್ಣೆ ಬಿಡುತ್ತ. ಅವಳು ಅದನ್ನು ಹಾಗೆಯೇ ದೂರ ಸರಿಸಿ, ತಿದ್ದಿದ ಸಾಲುಗಳನ್ನು ಒಂದೊಂದಾಗಿ ಓದಲು ಕುಳಿತಳು.

ಬೆಚ್ಚಗಿದ್ದ ಹೊತ್ತನ್ನು ಮೂಡಿಸುವ ಸಾಲು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದಳು. ಅಗಲವಾದ ಸಂಖ್ಯೆಯನ್ನು ಭಾಗಿಸಿ ನಿಮಿಷ ಮಾಡಬೇಕಿತ್ತು. ಟೋಪಿ ಹಾಕುವ ಪ್ರೋಗ್ರಾಮಿಗೆ ಭಾಗಾಕಾರವೂ ತಿಳಿಯದು, ಫ್ರಿಜ್ಜೂ ತಿಳಿಯದು. ಅದು ಇಡೀ ಭಾಗಾಕಾರಕ್ಕೆ ಬದಲು ಸಂಖ್ಯೆಯ ಹೆಸರಿಗೇ ಟೋಪಿ ಕೂರಿಸಿತ್ತು. ಅಂದರೆ ಮೊದಲು ಕತ್ತರಿ, ಆಮೇಲೆ ಭಾಗಾಕಾರ. ಕತ್ತರಿಸಿದ ಅಳತೆಯಲ್ಲಿ ಎಷ್ಟು ನಿಮಿಷದವರೆಗೆ ಹಿಡಿಸುತ್ತದೆಂದು ಅವಳು ಲೆಕ್ಕ ಹಾಕಿ ಎದ್ದು ಅಳಿಯನ ಮೇಜಿನ ಮುಂದೆ ನಿಂತಳು.

“ಸಾರ್, ಈ ಚೀಟಿ ಯಾವತ್ತೂ ಎಪ್ಪತ್ತೊಂದು ನಿಮಿಷದ ಮೇಲೆ ಹೇಳಲ್ಲ.”

ಅವನು ಬೆರಳಿಗಂಟಿದ ಕ್ರೀಮು ನೆಕ್ಕುತ್ತಿದ್ದ. “ಎಪ್ಪತ್ತೊಂದು ನಿಮಿಷ ಫ್ರಿಜ್ ಬಾಗಿಲು ಯಾರ್ ಮೇಡಂ ತೆಗೆದಿಡ್ತಾರೆ?”

“ಬಾಗಿಲು ಹಾಕಿದ್ರೂ ಕರೆಂಟು ಹೋಗತ್ತೆ.”

“ಸರಿ, ಎಪ್ಪತ್ತೊಂದಾದ ಮೇಲೆ ಏನಾಗತ್ತೆ?”

“ಮತ್ತೆ ಸೊನ್ನೆಯಿಂದ. ಎರಡು ಗಂಟೆ ಬೆಚ್ಚಗಿದ್ದ ಲಸಿಕೆಗೆ ನಲವತ್ತೆಂಟು ನಿಮಿಷ ಅಂತ ಚೀಟಿ ಕೊಡತ್ತೆ. ನನ್ನ ನಾದಿನಿ ಅದನ್ನ ನಂಬಿ ಮಗೂಗೆ ಚುಚ್ತಾಳೆ. ಎಸೀಬೇಕು ಅನ್ನೋ ಚೀಟಿ ಈ ಮೆಷಿನ್ನಿಂದ ಬರೋದೇ ಇಲ್ಲ ಸಾರ್.”

ಅಳಿಯ ಪರದೆ ನೋಡಿದ. ಅವಳು ಹೇಳಿದ್ದು ಸರಿ ಎಂದು ಅವನಿಗೆ ತಕ್ಷಣ ಗೊತ್ತಾಯಿತು, ಗೊತ್ತಾದದ್ದು ಮುಖದಲ್ಲೂ ಕಂಡಿತು. ಆದರೆ ಬಾಯಲ್ಲಿ ಬಂದದ್ದು, ಆ ಒಂದು ಸಾಲು ತಿದ್ದಿಬಿಡಿ ಎಂಬ ಮಾತು. ಉಳಿದ ನೂರಾರು ಸಾಲುಗಳಲ್ಲಿ ಏನೇನು ಕತ್ತರಿಸಿದೆಯೋ ಯಾರಿಗೆ ಗೊತ್ತು ಎಂದು ಅವಳು ಕೇಳಿದಾಗ, ಯಂತ್ರ ವಾರದೊಳಗೆ ಆಸ್ಪತ್ರೆಗೆ ಹೋಗಬೇಕು, ಅಷ್ಟು ಮಡಿ ಇದ್ದರೆ ನೀವೇ ಕೂತು ತೊಳೆಯಿರಿ ಎಂದ. ಕೋಣೆಯಲ್ಲಿ ಯಾರೋ ನಕ್ಕರು. ಅವಳು ತೊಳೆಯಲು ಕುಳಿತಳು.

ಆ ಕೆಲಸವನ್ನು ಅವಳು ಮನೆಯಲ್ಲಿ ವರ್ಣಿಸಿದ್ದು ಒಂದೇ ಸಲ, ಅದೂ ಊಟದ ಹೊತ್ತಿನಲ್ಲಿ. ಗಂಡ ತಟ್ಟೆ ಎತ್ತಿಕೊಂಡು ಆಚೆ ಹೋದ. ಒಂದು ಸಾಲಿನಲ್ಲಿ ಟೋಪಿಯ ಮೇಲೆ ಟೋಪಿ ಮೂರು ಪದರ, ಒಬ್ಬೊಬ್ಬರು ಬಂದು ಒಂದೊಂದು ಹಾಕಿ ಹೋಗಿದ್ದರು. ಇನ್ನೊಂದರ ಪಕ್ಕ ಯಾರೋ ‘ಸುಮ್ಮನಿರಲಿ ಎಂದು’ ಎಂದು ಕಾರಣ ಬರೆದಿಟ್ಟಿದ್ದರು. ಮತ್ತೊಬ್ಬ ಮಹಾನುಭಾವ ಕಡತದ ತಲೆಯಲ್ಲೇ ಎಚ್ಚರಿಕೆಗಳನ್ನೆಲ್ಲ ಬಂದ್ ಮಾಡಿ, ಕೆಳಗೆ ತೆರೆಯುವುದನ್ನು ಮರೆತಿದ್ದ; ಅಲ್ಲಿಂದಾಚೆಗೆ ಕಂಪೈಲರ್ ಕಣ್ಣು ಕಟ್ಟಿಸಿಕೊಂಡು ನಡೆಯುತ್ತಿತ್ತು. ತಪ್ಪಿಗಿಂತ ಹೆಚ್ಚಾಗಿ ಅದರ ಮೇಲೆ ಎಳೆದ ಚಾದರ ಅವಳಿಗೆ ವಾಕರಿಕೆ ತರಿಸಿತು. ಹಾಸಿಗೆ ಒದ್ದೆ ಮಾಡಿ ಮೇಲೆ ದುಪ್ಪಟಿ ಹೊದಿಸುವುದು ಸಣ್ಣ ಮಕ್ಕಳ ಬುದ್ಧಿ. ಇವರು ಮೀಸೆ ಬಂದವರು.

ಅವಳ ದಾರಿ ಶಾಸ್ತ್ರೋಕ್ತವಾಗಿತ್ತು. ಟೋಪಿಯನ್ನೆಲ್ಲ ಕಿತ್ತೆಸೆದು, ಅಗಲ ಬದಲಾಗುವ ಪ್ರತಿಯೊಂದು ಸಂಖ್ಯೆಯನ್ನೂ ಭಾಷೆಯಲ್ಲಿರುವ ಅತಿ ಅಗಲದ ಬಗೆಗೆ ಏರಿಸಿ, ಅದಕ್ಕೆ ತಕ್ಕ ಅತಿ ಅಗಲದ ಗುರುತನ್ನೇ ಕೊಟ್ಟಳು. ಚಿಕ್ಕದನ್ನು ದೊಡ್ಡ ಪಾತ್ರೆಗೆ ಹಾಕಿದರೆ ಚೆಲ್ಲುವುದಿಲ್ಲ. ಹಳೆಯ ಬೋರ್ಡಿಗೂ ಸರಿ, ಹೊಸದಕ್ಕೂ ಸರಿ, ಎಲ್ಲಿಯೂ ಏನೂ ಕಡಿದುಹೋಗದು. ಕೊನೆಯ ಸಾಲು ತಿದ್ದಿ ಎರಡು ಬೋರ್ಡಿಗೂ ಕಂಪೈಲ್ ಮಾಡಿದಾಗ ಒಂದೇ ಒಂದು ಹಳದಿ ಬರಲಿಲ್ಲ. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಓಡಿಸಿ, ಸೊನ್ನೆಯಿಂದ ಹಿಡಿದು ಊಹೆಗೆ ಮೀರಿದ ಸಂಖ್ಯೆಗಳವರೆಗೆ ಕೊಟ್ಟು ನೋಡಿದಳು. ಎಲ್ಲವೂ ಇದ್ದದ್ದು ಇದ್ದ ಹಾಗೆ ಮೂಡಿದವು. ತಲೆಸ್ನಾನ ಮಾಡಿ ಒಗೆದ ಬಟ್ಟೆ ಉಟ್ಟಂತೆ ಅವಳಿಗಾಯಿತು.

ಉಳಿದದ್ದು ಒಂದು ಕೆಲಸ. ಪ್ರೋಗ್ರಾಮನ್ನು ಯಂತ್ರಕ್ಕೆ ತುಂಬಿ, ಯಂತ್ರಗಳನ್ನು ಪರೀಕ್ಷಿಸುವ ಬೆಂಚಿನ ಕೋಣೆಗೆ ಒಯ್ದು, ನಿಜವಾದ ಕಾಗದದ ಮೇಲೆ ನಿಜವಾದ ಚೀಟಿ ಬರುವುದನ್ನು ಕಣ್ಣಾರೆ ನೋಡುವುದು.

ಬೆಂಚಿನ ಕೋಣೆ ಮೆಟ್ಟಿಲ ಕೆಳಗಿತ್ತು. ಕಿಟಕಿ ಇರಲಿಲ್ಲ. ಸುಟ್ಟ ತಂತಿಯ ವಾಸನೆ, ಬೆವರಿನ ವಾಸನೆ, ತಳದಲ್ಲಿ ಬೂಷ್ಟು ಬೆಳೆದ ಟೀ ಲೋಟಗಳ ಸಾಲು. ಯಂತ್ರಗಳನ್ನು ಪರೀಕ್ಷಿಸುವ ಬೆಂಚಿನಣ್ಣ ಒಳ್ಳೆಯವನೇ. ಆದರೆ ಗಂಟಲು ಕ್ಯಾಕರಿಸಿ ಮೂಲೆಯ ಹೂಕುಂಡಕ್ಕೆ ಉಗಿಯುವುದು ಅವನ ಚಾಳಿ, ಆ ಕುಂಡದ ಗಿಡ ಎಂದೋ ಸತ್ತಿತ್ತು. ಇಕ್ಕಳ ಬಾಗಿಲವರೆಗೆ ಹೋದಳು. ಒಳಗಿನಿಂದ ಕ್ಯಾಕರಿಸುವ ಸದ್ದು ಕೇಳಿತು. ಹಾಗೇ ಹಿಂದಿರುಗಿದಳು. ಯಂತ್ರವನ್ನು ಅವನು ಮೊನ್ನೆಯೇ ಪರೀಕ್ಷಿಸಿದ್ದಾನೆ, ಕಾಗದ ಓಡುತ್ತದೆ, ದೀಪ ಹತ್ತುತ್ತದೆ. ಬದಲಾದದ್ದು ಪ್ರೋಗ್ರಾಂ ಮಾತ್ರ, ಅದನ್ನು ತಾನು ಸಾಲುಸಾಲಾಗಿ ತೊಳೆದಿದ್ದೇನೆ, ಕಂಪೈಲರ್ ಕೂಡ ಚಕಾರ ಎತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮೇಜಿನ ಹತ್ತಿರವೇ ಪ್ರೋಗ್ರಾಂ ತುಂಬಿ ಸಹಿ ಹಾಕಿದಳು. ಸುಮ್ಮನಾದದ್ದೆಲ್ಲ ಸರಿಯಾದದ್ದು ಎಂದು ನಂಬುವವರನ್ನು ಇಷ್ಟು ದಿನ ಬೈದವಳು, ಅದೇ ನಂಬಿಕೆಯ ಮೇಲೆ ಸಹಿ ಹಾಕಿದಳೆಂಬುದು ಆಗ ಅವಳ ತಲೆಗೆ ಹೊಳೆಯಲಿಲ್ಲ.

ಯಂತ್ರ ಆಸ್ಪತ್ರೆಗೆ ಹೋಗಿ ಎರಡು ವಾರವಾಗಿರಬೇಕು. ಅಲ್ಲಿಯವರೆಗೆ ಫ್ರಿಜ್ಜು ಬೆಚ್ಚಗಾಗಲಿಲ್ಲ, ಗುಂಡಿ ಒತ್ತುವ ಪ್ರಮೇಯ ಬರಲಿಲ್ಲ. ಒಂದು ಬೆಳಗ್ಗೆ ಅವಳು ಕಾರ್ಖಾನೆಗೆ ಬಂದು ಕುಳಿತ ಕೂಡಲೇ ನಾದಿನಿಯ ಫೋನು. ಹಿಂದೆ ಕೂಸುಗಳ ಅಳು, ಹೆಂಗಸರ ಮಾತು.

“ಅತ್ತಿಗೆ, ಎಲ್ ಯು ಅಂದ್ರೆ ಎಷ್ಟು?”

“ಏನು?”

“ರಾತ್ರಿ ಕರೆಂಟು ಹೋಗಿತ್ತಂತೆ, ಎಷ್ಟು ಹೊತ್ತು ಅಂತ ಕಾವಲಿನವನಿಗೆ ಗೊತ್ತಿಲ್ಲ. ಈಗ ಫ್ರಿಜ್ಜು ತಣ್ಣಗಿದೆ. ಗುಂಡಿ ಒತ್ತಿದ್ರೆ ನಿಮ್ಮ ಮೆಷಿನ್ನು ‘ಎಲ್ ಯು ನಿಮಿಷ’ ಅಂತ ಚೀಟಿ ಕೊಡ್ತಿದೆ. ಇಂಗ್ಲಿಷಲ್ಲಿ ಎಲ್ಲು, ಯೂ.”

“ಇನ್ನೊಂದ್ಸಲ ಒತ್ತು.”

“ಕೈ ನೋಯೋವರೆಗೂ ಒತ್ತಿದೆ. ಎಲ್ಲಾ ಎಲ್ ಯುನೇ.” ನಾದಿನಿಯ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. “ಹೊರಗೆ ತಾಯಂದ್ರು ಕಾಯ್ತಿದಾರೆ. ಹೇಳಿ, ಎಸೀಲೋ, ಇಟ್ಕೊಳ್ಳಲೋ?”

ಇಕ್ಕಳಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತು ಆ ಬಾಯಿಗೆ ರೂಢಿಯಿರಲಿಲ್ಲ. ಕೊನೆಗೆ, “ಎಸಿ,” ಎಂದಳು.

ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾದಿನಿ ಸೀಸೆಗಳನ್ನು ತಟ್ಟೆ ತಟ್ಟೆಯಾಗಿ ಕೆಂಪು ಡಬ್ಬಿಗೆ ಸುರಿಯುತ್ತಿದ್ದಳು. ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ತಿಳಿಯದ ಮದ್ದು ಗಾಜಿನ ಸದ್ದು ಮಾಡುತ್ತ ಬೀಳುತ್ತಿತ್ತು. ಹೊರಗೆ ತಾಯಂದಿರು ಕೂಸುಗಳನ್ನು ಹೆಗಲಿಗೆ ಹಾಕಿಕೊಂಡು ವಾಪಸು ಹೊರಟಿದ್ದರು. ಒಬ್ಬಳು, ಕೂಲಿ ಬಿಟ್ಟು ಬಂದಿದ್ದೆ, ಇನ್ನೊಂದು ದಿನ ಯಾರು ಬಿಡುತ್ತಾರೆ ಎಂದು ಯಾರಿಗೆಂದಿಲ್ಲದೆ ಬೈಯುತ್ತ ಹೋದಳು. ಇಕ್ಕಳ ಗೋಡೆಗೆ ಒತ್ತಿ ನಿಂತು ಆ ಬೈಗುಳಕ್ಕೆ ದಾರಿ ಬಿಟ್ಟಳು. ನಾದಿನಿ ಅವಳ ಕಡೆ ನೋಡದೆ ಚೀಟಿಗಳ ಮುದ್ದೆಯನ್ನು ಅಂಗೈಗೆ ಹಾಕಿ, “ಇಕೊಳ್ಳಿ, ನಿಮ್ಮ ಎಲ್ ಯು,” ಎಂದಳು.

ಆ ಸಂಜೆ ಎಷ್ಟೋ ದಿನಗಳ ಮೇಲೆ ಗಂಡ ಬಾಯಿ ತೆರೆದ. ನಿನ್ನ ಯಂತ್ರ ಸುಳ್ಳಂತೂ ಹೇಳಲಿಲ್ಲ, ಅಳಿಯನದ್ದಾಗಿದ್ದರೆ ಸುಳ್ಳು ಹೇಳುತ್ತಿತ್ತು, ಅಷ್ಟರಮಟ್ಟಿಗೆ ವಾಸಿ ಎಂದು ಸಮಾಧಾನ ಹೇಳಲು ನೋಡಿದ. ಆ ಸಮಾಧಾನ ಅವಳಿಗೆ ಬೇರೆಯವರ ಎಂಜಲಿನಷ್ಟೇ ಅಸಹ್ಯವಾಯಿತು. ಇನ್ನೊಬ್ಬ ಕೊಳಕನಾದ ಮಾತ್ರಕ್ಕೆ ತಾನು ಶುದ್ಧಳಾಗುವುದಿಲ್ಲ. ಅವಳು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಾದಿನಿ ಆ ಸದ್ದು ಕೇಳಿಯೂ ಅಡುಗೆಮನೆಗೆ ಬರಲಿಲ್ಲ.

ಮರುದಿನ ಅವಳು ನೇರ ಬೆಂಚಿನ ಕೋಣೆಗೆ ಹೋದಳು. ಬೆಂಚಿನಣ್ಣ ಗಾಬರಿಯಾಗಿ ಸ್ಟೂಲಿನ ಮೇಲಿದ್ದ ಲೋಟ ತೆಗೆದು, ತೋಳಿನಲ್ಲಿ ಒರೆಸಿ ಕೂರಲು ಕೊಟ್ಟ. ಒರೆಸಿದ ಮೇಲೆ ಅದು ಇನ್ನೂ ಅಂಟಂಟಾಗಿತ್ತು. ಅವಳು ಕುಳಿತಳು. ಇಂಥದೇ ಇನ್ನೊಂದು ಯಂತ್ರಕ್ಕೆ ತನ್ನ ಪ್ರೋಗ್ರಾಂ ತುಂಬಿ ಗುಂಡಿ ಒತ್ತಿದಳು. ಎಲ್ ಯು ನಿಮಿಷ. ಅವಳಿಗೆ ಮೊದಲು ಬಂದ ಸಿಟ್ಟು ಬೆಂಚಿನಣ್ಣನ ಮೇಲೆ. ನೀವು ನೋಡಲಿಲ್ಲವೇ ಎಂದಳು. ಅವನು, “ನಾನು ನೀವು ತಿದ್ದೋಕೆ ಮುಂಚಿನದನ್ನ ನೋಡಿದ್ದು ಅಕ್ಕಾ. ಆಮೇಲಿಂದು ಇಲ್ಲಿಗೆ ಬರಲೇ ಇಲ್ಲ. ನೀವು ಬಾಗಿಲ ತನಕ ಬಂದ್ರಿ, ನಾನು ನೋಡಿದೆ,” ಎಂದ. ದೂರುವ ದನಿಯಲ್ಲ, ಇದ್ದದ್ದು ಹೇಳಿದ ದನಿ.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಪುಟ್ಟ ಬೋರ್ಡು, ಜಾಗ ಕಡಿಮೆ. ಜಾಗ ಉಳಿಸಲೆಂದು ಬೋರ್ಡು ಮಾಡಿದವರೇ ಅದರ ಜೊತೆ ಬರುವ ಪ್ರೋಗ್ರಾಮಿನಲ್ಲಿ ಸಂಖ್ಯೆ ಅಚ್ಚು ಹಾಕುವ ಭಾಗವನ್ನು ಅಲ್ಲಲ್ಲಿ ಕತ್ತರಿಸಿ ಕೊಟ್ಟಿದ್ದರು. ಅತಿ ಅಗಲದ ಗುರುತು ಅದಕ್ಕೆ ತಿಳಿಯದು. ಕಂಡರೆ ಗುರುತಿನ ಅರ್ಧವನ್ನು ನುಂಗಿ ಉಳಿದರ್ಧವನ್ನು, ಎಲ್ ಎಂಬ ಅಕ್ಷರವನ್ನೂ ಯು ಎಂಬ ಅಕ್ಷರವನ್ನೂ, ಹಾಗೇ ಕಾಗದದ ಮೇಲೆ ಕಕ್ಕುತ್ತಿತ್ತು. ಮೇಜಿನ ಕಂಪ್ಯೂಟರಿನಲ್ಲಿ ಆ ಭಾಗ ಪೂರ್ತಿ ಇದ್ದದ್ದರಿಂದ ಅಲ್ಲಿ ಎಲ್ಲವೂ ಸರಿ ಕಂಡಿತ್ತು. ಕಂಪೈಲರ್ ಕೂಡ ತಪ್ಪು ಹೇಳಿರಲಿಲ್ಲ. ಅದು ನೋಡುವುದು ಭಾಷೆಯ ಶಾಸ್ತ್ರವನ್ನು, ಬೋರ್ಡಿನ ಹೊಟ್ಟೆಯನ್ನಲ್ಲ. ಹೊಟ್ಟೆಯೊಳಗೆ ನೋಡಬೇಕಾದವಳು ಉಗುಳಿಗೆ ಹೆದರಿ ಹಿಂದಿರುಗಿದ್ದಳು.

ಮದ್ದು ಸುಲಭವಾಗಿತ್ತು, ಅದೇ ಅವಳಿಗೆ ಕಹಿ. ಅಗಲವಾದ ಸಂಖ್ಯೆಯನ್ನು ಅಗಲವಾಗಿಯೇ ಇಟ್ಟು ಮೊದಲು ಭಾಗಿಸಬೇಕು. ಬಂದ ನಿಮಿಷಗಳು ಚಿಕ್ಕವು, ಕಿರಿದಾದ ಬಗೆಯಲ್ಲಿ ಸುಖವಾಗಿ ಹಿಡಿಸುತ್ತವೆ. ಹಿಡಿಸುತ್ತವೆಯೋ ಇಲ್ಲವೋ ಎಂದು ನೋಡಿಕೊಂಡು, ಹಿಡಿಸಿದರೆ ಇಡೀ ಭಾಗಾಕಾರಕ್ಕೆ ಬ್ರಾಕೆಟ್ ಹಾಕಿ ಅದರ ಹೊರಗೆ ಟೋಪಿ. ಹಿಡಿಸದಿದ್ದರೆ ಸಂಖ್ಯೆಯೇ ಬೇಡ, ‘ಲೆಕ್ಕ ಮೀರಿದೆ, ಎಸೆಯಿರಿ’ ಎಂಬ ಮಾತು. ತಾನು ಇಕ್ಕಳದಲ್ಲಿ ಹಿಡಿದು ಕಿತ್ತೆಸೆದಿದ್ದ ಆ ಟೋಪಿಯನ್ನೇ ಅವಳು ಆ ಅಂಟು ಸ್ಟೂಲಿನ ಮೇಲೆ ಕುಳಿತು ಸಾಲುಸಾಲಿಗೆ ತೊಡಿಸಬೇಕಾಯಿತು. ಒಂದೊಂದು ಸಾಲಿಗೂ ಒಂದೊಂದು ಚೀಟಿ ಹೊರಡಿಸಿ ಓದಿದಳು. ಹಿಂದೆ ಬೆಂಚಿನಣ್ಣ ಗಂಟಲು ಕ್ಯಾಕರಿಸಲು ಹೋಗಿ, ಅವಳಿದ್ದಾಳೆಂದು ನೆನಪಾಗಿ ನುಂಗಿಕೊಂಡ. ಆ ನುಂಗಿದ ಸದ್ದು ಉಗುಳಿದ್ದಕ್ಕಿಂತ ಅಧ್ವಾನವಾಗಿತ್ತು.

ಸುದ್ದಿ ಮೇಲಿನ ಕೋಣೆಗೆ ಮುಟ್ಟಿ ಅಳಿಯ ಮೆಟ್ಟಿಲಿಳಿದು ಬಂದ. ಪರದೆಯ ಮೇಲೆ ಬಗ್ಗಿ ನೋಡಿ, “ಕೊನೆಗೆ ಟೋಪಿನೇ ಹಾಕಿದ್ರಲ್ಲ ಮೇಡಂ,” ಎಂದ. ನಗು ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ.

“ಹಾಕಿದೆ ಸಾರ್. ತಲೆ ಅಳತೆ ತಗೊಂಡು ಹಾಕಿದೆ.”

“ನಾನು ಅಳತೆ ತಗೊಳ್ಲಿಲ್ಲ, ನೀವು ಹಾಕಿಕೊಂಡು ನೋಡ್ಲಿಲ್ಲ,” ಎಂದು ಅವನು ಲೆಕ್ಕ ಚುಕ್ತಾ ಮಾಡಿದ.

ಅವನು ಹೇಳಿದ್ದು ನಿಜವಾಗಿತ್ತು. ನಿಜ ಅಂಥ ಬಾಯಿಂದಲೂ ಬರುತ್ತದೆ ಎಂಬುದು ಅವಳಿಗೆ ಆ ದಿನದ ಹೇಸಿಗೆಗಳಲ್ಲೆಲ್ಲ ದೊಡ್ಡದೆನಿಸಿತು. ಬೆಂಚಿನ ಕೋಣೆಯಲ್ಲಿ ಕಾಗದದ ಮೇಲೆ ಓದಿ ನೋಡದೆ ಯಾವ ಯಂತ್ರಕ್ಕೂ ಇನ್ನು ಮೇಲೆ ಸಹಿ ಬೀಳುವುದಿಲ್ಲ, ನನ್ನದೂ ನಿಮ್ಮದೂ, ಎಂದಷ್ಟೇ ಹೇಳಿದಳು. ಅಳಿಯ ತಲೆಯಾಡಿಸಿ, ಮೂಗು ಹಿಡಿದುಕೊಂಡು ಮೆಟ್ಟಿಲು ಹತ್ತಿದ.

ಯಂತ್ರವನ್ನು ಆಸ್ಪತ್ರೆಗೆ ಒಯ್ದಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತಳು. ಸಹಿಯ ಕಾಗದವನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ.

“ಇದು ಹೋದ ಸಲಾನೂ ಇತ್ತು ಅತ್ತಿಗೆ. ಖಾಲಿ ಫ್ರಿಜ್ಜು ಒಂದಿದೆ. ಅದಕ್ಕೆ ಅಂಟಿಸಿ, ಬಾಗಿಲು ತೆಗೆದಿಡಿ. ನಾನೇ ನೋಡ್ತೀನಿ.”

ಇಬ್ಬರೂ ಆ ಕೋಣೆಯಲ್ಲಿ ಕುಳಿತರು. ಫ್ರಿಜ್ಜಿನ ಬಾಗಿಲು ತೆರೆದಿತ್ತು, ಒಳಗಿನ ದೀಪ ಖಾಲಿ ಅರೆಗಳ ಮೇಲೆ ಬೀಳುತ್ತಿತ್ತು. ಹಿಂದಿನ ದಿನ ಯಾವುದೋ ಸೀಸೆ ಒಡೆದು ಒಣಗಿದ ಅಂಟು ಕೆಳಗಿನ ಅರೆಯಲ್ಲಿ ಕಾಣುತ್ತಿತ್ತು. ಇಕ್ಕಳ ಅದನ್ನು ನೋಡಿದಳು, ಒರೆಸಲು ಏಳಲಿಲ್ಲ. ನಾದಿನಿ ಆಗಾಗ ಗುಂಡಿ ಒತ್ತಿ ಚೀಟಿ ಹರಿದು, ಗೋಡೆಯ ಗಡಿಯಾರಕ್ಕೆ ಹಿಡಿದು ನೋಡುತ್ತಿದ್ದಳು. ಒಂದು ಗಂಟೆ ಹೀಗೇ ಕಳೆಯಿತು. ಚೀಟಿ ಎಪ್ಪತ್ತು ಎಂದಿತು. ಎಪ್ಪತ್ತೊಂದು ಎಂದಿತು. ಮುಂದಿನದನ್ನು ಒತ್ತುವಾಗ ನಾದಿನಿಯ ಬೆರಳು ತುಸು ತಡೆಯಿತು. ಎಪ್ಪತ್ತೆರಡು.

“ಸಾಕಾ?” ಎಂದಳು ಇಕ್ಕಳ.

“ಎರಡು ಗಂಟೆ ದಾಟ್ಲಿ.”

ದಾಟಿತು. ಚೀಟಿ ನೂರ ಇಪ್ಪತ್ತೊಂದು ಎಂದು ಬಂದಾಗ ನಾದಿನಿ ಅದನ್ನು ಎರಡು ಸಲ ಓದಿ, ಬಾಗಿಲು ಹಾಕಿ, ಯಂತ್ರವನ್ನು ಲಸಿಕೆಯ ಫ್ರಿಜ್ಜಿಗೆ ತಾನೇ ಅಂಟಿಸಿದಳು. ಸಹಿಯ ಕಾಗದವನ್ನು ಈಗ ಇಸಿದುಕೊಂಡಳು. ಆಮೇಲೆ, ಕೈ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಹೇಳಿದಳು:

“ಅವತ್ತು ವಾಪಸ್ ಹೋದೋರಲ್ಲಿ ಇಬ್ಬರು ಇನ್ನೂ ಬಂದಿಲ್ಲ. ಹೊಸ ಮದ್ದು ಬಂದಿದೆ ಅಂತ ಹೇಳಿ ಕಳಿಸಿದೆ. ಬರಲಿಲ್ಲ.”

ಇಕ್ಕಳ ಎದ್ದು ನಿಂತಳು. “ಮನೆ ಎಲ್ಲಿ ಅಂತ ಗೊತ್ತಾ?”

“ಗೊತ್ತು. ಮೋರಿ ಪಕ್ಕದ ಓಣಿ. ಗಟಾರ ದಾಟ್ಕೊಂಡೇ ಹೋಗ್ಬೇಕು. ನಿಮಗಾಗಲ್ಲ.”

“ನಡಿ,” ಎಂದಳು ಇಕ್ಕಳ.

ನಾದಿನಿ ತಣ್ಣನೆಯ ಡಬ್ಬಿಗೆ ಎರಡು ಸೀಸೆ ಇಟ್ಟು ಕೋಣೆಗೆ ಬೀಗ ಹಾಕಿದಳು. ಓಣಿಯ ಬಾಯಲ್ಲೇ ಆ ವಾಸನೆ ಮುಖಕ್ಕೆ ಬಡಿಯಿತು. ಇಕ್ಕಳದ ಕಣ್ಣಲ್ಲಿ ನೀರು ಬಂತು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ನಾದಿನಿ ಕಾಲಿಟ್ಟ ಕಲ್ಲುಗಳ ಮೇಲೇ ಕಾಲಿಡುತ್ತ ಒಳಗೆ ಹೋದಳು.